ದಡಕ್ಕೆ ಬಾರದ ಬಣ್ಣ

“ಗುರುಗಳೇ, ಸೆಕೆಂಡಿನ ಹತ್ತನೇ ಒಂದು ಭಾಗವೂ ಬಾಳದ ನ್ಯೂಕ್ಲಿಯಸ್ಸನ್ನು ನಂಬಿ ನಿಯಮವನ್ನು ಬಿಡಲೇ?” ಎಂದು ಶಾಲ್ಮಲಿ ಕೇಳಿದಳು.

ಇಪ್ಪತ್ತು ನ್ಯೂಟ್ರಾನ್‌ಗಳು ಕೂಡಿದರೆ ಪರಮಾಣುವಿನ ತಿರುಳಾದ ನ್ಯೂಕ್ಲಿಯಸ್ ದುಂಡಗೆ, ಗಟ್ಟಿಯಾಗಿರುತ್ತದೆ ಎಂಬುದು ಅವಳು ಕಲಿತ ನಿಯಮ. ಅಳಿಯದೆ ಉಳಿಯುವ ಧಾತುಗಳಲ್ಲಿ ಅದು ತಪ್ಪಿದ್ದನ್ನು ಅವಳು ಕಂಡಿರಲಿಲ್ಲ. ಆದರೆ ಪ್ರಯೋಗಾಲಯದಲ್ಲಿ ಅಲ್ಪಾಯುಷಿ ಮೆಗ್ನೀಸಿಯಂ ಅಯಾನುಗಳನ್ನು ಹುಟ್ಟಿಸಿ, ಕಿರಣವಾಗಿ ಹಾಯಿಸಿ, ಹಾರುತ್ತಿರುವಾಗಲೇ ಅಳೆದಾಗ, ಇಪ್ಪತ್ತು ನ್ಯೂಟ್ರಾನ್‌ಗಳಿದ್ದೂ ನ್ಯೂಕ್ಲಿಯಸ್ ಉದ್ದಕ್ಕೆ ಎಳೆದಂತಿತ್ತು. ಮರುದಿನ ಪ್ರಬಂಧ ಒಪ್ಪಿಸಬೇಕು. ಆ ಅಳತೆಯನ್ನು ಹೊಡೆದುಹಾಕಲು ಅವಳು ಪೆನ್ನು ತೆಗೆದಿದ್ದಳು.

ಗುರುಗಳು ಹೇಳಿದರು:

ಒಬ್ಬ ಒಣಮೀನಿನ ವರ್ತಕನಿದ್ದ. ಮೀನಿನ ವಿಷಯದಲ್ಲಿ ಊರಿಗೆ ಅವನ ಮಾತೇ ಕೊನೆ. ಒಂದು ದಿನ ಒಬ್ಬ ಮೀನುಗಾರ ಬೂದುಬಣ್ಣದ ಮೀನೊಂದನ್ನು ತೋರಿಸಿ, “ಒಡೆಯರೇ, ಕಡಲಲ್ಲಿ ಇದು ಹಸಿರು, ನೀಲಿ. ಹೊಳೆಯುತ್ತದೆ” ಎಂದ.

“ನಲವತ್ತು ವರ್ಷದಿಂದ ಇದನ್ನು ಒಣಗಿಸುತ್ತಿದ್ದೇನೆ. ನಿನ್ನ ಕಡಲಲ್ಲಿ ನವಿಲೂ ಈಜುತ್ತದೆಯೇನೋ!”

ಜನ ನಕ್ಕರು. ಮರುದಿನ ಮೀನುಗಾರ ಬಣ್ಣ ಮಾಸುವ ಮೊದಲೇ ದಡ ಸೇರಲೆಂದು ಹುಟ್ಟು ಹಾಕಲು ಇಬ್ಬರನ್ನು ಹೆಚ್ಚಿಗೆ ಕರೆದೊಯ್ದ. ದಡ ಮುಟ್ಟುವಷ್ಟರಲ್ಲಿ ಮೀನು ಬೂದು. ನಾಲ್ವರನ್ನು ಕರೆದೊಯ್ದ. ಆಗಲೂ ಬೂದು. ಊರು ಅವನನ್ನು ಸುಳ್ಳುಗಾರನೆಂದು ಕರೆಯತೊಡಗಿತು.

“ಮೀನು ನಿಮ್ಮಲ್ಲಿಗೆ ಬರಲಾರದು, ಒಡೆಯರೇ. ನೀವೇ ಬನ್ನಿ” ಎಂದ.

ವರ್ತಕ ಅದುವರೆಗೆ ದೋಣಿ ಹತ್ತಿದವನಲ್ಲ. ಸುಳ್ಳನ್ನು ಬಯಲು ಮಾಡಲೆಂದೇ ಹತ್ತಿದ. ನಡುಗಡಲಲ್ಲಿ ಮೀನುಗಾರ ಗಾಳದ ದಾರವನ್ನೆಳೆದು ಮೀನನ್ನು ಮೇಲೆತ್ತಿದ. ಅದರ ಮೈಯೆಲ್ಲ ಹಸಿರು, ನೀಲಿ ಉರಿಯುತ್ತಿತ್ತು. ವರ್ತಕ ನೋಡುತ್ತಿದ್ದಂತೆಯೇ ಬಾಲದ ಕಡೆಯಿಂದ ಬೂದುಬಣ್ಣ ಹಬ್ಬಿತು. ಅವನು ಕೈ ಚಾಚಿದ, ಮುಟ್ಟಲಿಲ್ಲ.

“ಇನ್ನೊಂದನ್ನು ಎತ್ತು” ಎಂದ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ವರ್ತಕ ನಲವತ್ತು ವರ್ಷ ಹೇಳಿದ್ದು ತಪ್ಪೇ?”

“ದಡದ ಮಟ್ಟಿಗೆ ಸರಿ.”

ಶಾಲ್ಮಲಿ ಅಳತೆಯನ್ನು ಹೊಡೆಯಲಿಲ್ಲ. ಆದರೂ ಒಂದು ಸಂದೇಹ ಉಳಿಯಿತು. “ಗುರುಗಳೇ, ಈ ಲೋಕವೆಲ್ಲ ಆಗಿರುವುದು ಉಳಿದವುಗಳಿಂದ. ಕ್ಷಣದಲ್ಲಿ ಅಳಿದುಹೋಗುವುದಕ್ಕೆ ಇಲ್ಲಿ ಏನು ಪಾಲು?”

ಗುರುಗಳು ಅವಳ ಕಿವಿಯತ್ತ ನೋಡಿದರು.

“ನಿನ್ನ ಓಲೆಯ ಚಿನ್ನ, ಚಿನ್ನವಾಗುವ ಮೊದಲು, ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದ ಬೆಂಕಿಯಲ್ಲಿ, ಅರೆಕ್ಷಣವೂ ಬಾಳದ ಇಂಥ ನ್ಯೂಕ್ಲಿಯಸ್ಸೇ ಆಗಿತ್ತು.”