ಜಟ್ಟಪ್ಪ ಇಂಜಿನ್ನಿಗೆ ಕಷಾಯ ಕುಡಿಸಿದ್ದು

ಎಲ್ಲರಿಗೂ ಬುದ್ಧಿ ಹಂಚುತ್ತ ಬಂದ ದೇವರು ಹೊಳೆದಂಡೆಯ ಮಾಸ್ತಮ್ಮನ ಮನೆ ಮುಟ್ಟುವಷ್ಟರಲ್ಲಿ ಚೀಲದ ತಳ ಕಂಡಿತ್ತಂತೆ. ಬಂದ ಮನೆಗೆ ಏನೂ ಕೊಡದೆ ಹೋಗಬಾರದಲ್ಲ ಅಂತ ಅವಳ ಮಗ ಜಟ್ಟಪ್ಪನ ಪಾಲಿಗೆ ಪ್ರೀತಿಯ ಚೀಲವನ್ನೇ ಬೋರಲು ಹಾಕಿ ಹೋದನಂತೆ. ಅವನು ಕೊಟ್ಟದ್ದರಲ್ಲಿ ಕೊರತೆ ಎಣಿಸಲು ನಾವು ಯಾರು?

ಜಟ್ಟಪ್ಪ ಆಳೆತ್ತರದ ಗಂಡಸು. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. "ಇವನಿಗೆ ಹೇಳದೆ ಇದ್ದರೆ ಕೆಲಸ ಆಗೋದಿಲ್ಲ, ಹೇಳಿದರೆ ಕೆಲಸವೇ ಉಳಿಯೋದಿಲ್ಲ" ಅಂತ ಮಾಸ್ತಮ್ಮ ನಿಟ್ಟುಸಿರು ಬಿಡುವಳು. ಬಿಟ್ಟು, "ಆದರೂ ನನ್ನ ಮಗ ಒಂದು ಸುಳ್ಳಾಡಿದವನಲ್ಲ" ಅಂತ ಸೇರಿಸುವಳು.

ಆ ವಾರ ಮಾಸ್ತಮ್ಮನಿಗೆ ಒಂದೇ ಚಿಂತೆ. ಮಗಳು ಗುಲಾಬಿ ಹೊಳೆಯಾಚೆ ಗಂಡನ ಮನೆಯಲ್ಲಿ ಚೊಚ್ಚಲ ಬಸುರಿ. ಶುಕ್ರವಾರ ಕಳೆದರೆ ಒಂಬತ್ತನೇ ತಿಂಗಳಿಗೆ ಬೀಳುತ್ತಾಳೆ. ಒಂಬತ್ತಕ್ಕೆ ಬಿದ್ದವಳನ್ನು ಹೊಳೆ ದಾಟಿಸಬಾರದು. ಶುಕ್ರವಾರ ಕರೆತಂದರೆ ಬಾಣಂತನ ತವರಿನಲ್ಲಿ, ಇಲ್ಲವಾದರೆ ಇಲ್ಲ. ಮನೆಯದೇ ಸಣ್ಣ ದೋಣಿಯಿದೆ, ದೋಣಿಗೆ ಇಂಜಿನ್ನಿದೆ. ಆ ಇಂಜಿನ್ನೇ ಬುಧವಾರ ನಾಲ್ಕು ಸಲ ಕೆಮ್ಮಿ ಸುಮ್ಮನಾಯಿತು.

"ಇಂಜಿನ್ ರಿಪೇರಿ ಮಾಡುವ ಇನಾಸಣ್ಣನನ್ನು ಕೇಳು ತಮ್ಮಾ. ಅವನು ಹೇಳಿದ ಹಾಗೇ ಮಾಡು" ಎಂದಳು ಮಾಸ್ತಮ್ಮ ಮಗನಿಗೆ.

ಇನಾಸಣ್ಣ ಬಂದ. ಹಗ್ಗ ಎಳೆದ. ಕಿವಿಗೊಟ್ಟು ಕೇಳಿದ. "ಕಾರ್ಬೇಟರಿನ ಗಂಟಲು ಕಟ್ಟಿದೆ ಮಾರಾಯ. ಪೆಟ್ರೋಲು ಇಳಿಯೋದು ಇದರಲ್ಲೇ ನೋಡು. ಗಂಟಲು ಬಿಡಿಸು, ಆಮೇಲೆ ನನ್ನನ್ನು ಕರಿ" ಅಂದು ಹೋದ.

ಗಂಟಲು ಕಟ್ಟಿದರೆ ಏನು ಮಾಡಬೇಕು ಅಂತ ಜಟ್ಟಪ್ಪನಿಗೆ ಗೊತ್ತಿಲ್ಲವೇ! ಮೆಣಸು ಜಜ್ಜಿದ, ಶುಂಠಿ ಜಜ್ಜಿದ, ಬೆಲ್ಲ ಹಾಕಿ ಕುದಿಸಿದ. "ಬಿಸಿ ಇದ್ದಾಗಲೇ ಕುಡಿ, ಹಟ ಮಾಡಬೇಡ" ಅಂತ ಕಾರ್ಬೇಟರಿನ ಬಾಯಿಗೆ ಒಂದು ಚೊಂಬು ಕಷಾಯ ಹೊಯ್ದ. ಮೇಲೆ ಕಂಬಳಿ ಹೊದೆಸಿ, ಬೆನ್ನು ನೀವುತ್ತ ಕೂತ.

ಇನಾಸಣ್ಣ ಬಂದವನು ಕಂಬಳಿ ಎತ್ತಿ ಮೂಸಿದ. "ನನ್ನ ದೇವರೇ! ಕಷಾಯವೇನೋ?"

"ಹೌದಣ್ಣ. ಬೆಲ್ಲ ಜಾಸ್ತಿಯೇ ಹಾಕಿದ್ದೇನೆ, ಆದರೂ ಕುಡೀಲಿಲ್ಲ."

"ಅಯ್ಯೋ ಮಳ್ಳಾ! ಕಟ್ಟಿಕೊಂಡದ್ದಕ್ಕೆ ಕಷಾಯ ಅಲ್ಲ! ಬಿಚ್ಚಬೇಕು, ಪೆಟ್ರೋಲಿನಲ್ಲಿ ತೊಳೀಬೇಕು, ಬಾಯಿಟ್ಟು ಜೋರಾಗಿ ಊದಬೇಕು! ತಿಳೀತಾ?"

"ತಿಳೀತು! ಬಿಚ್ಚೋದು, ತೊಳೆಯೋದು, ಊದೋದು."

ಇನಾಸಣ್ಣ ತಾನೇ ಕಾರ್ಬೇಟರನ್ನು ಕಳಚಿ ಅವನ ಕೈಗೆ ಕೊಟ್ಟು ಮನೆಗೆ ಅಟ್ಟಿದ. ಬಿಚ್ಚೋದು, ತೊಳೆಯೋದು, ಊದೋದು, ಅಂತ ಜಪಿಸುತ್ತ ಜಟ್ಟಪ್ಪ ಹೊಸಿಲು ದಾಟಿದನೋ ಇಲ್ಲವೋ, ಒಳಗಿಂದ ಅಬ್ಬೆಯ ದನಿ: "ತಮ್ಮಾ, ದೇವರ ದೀಪಕ್ಕೆ ಕರಿ ಕಟ್ಟಿದೆ, ಸ್ವಲ್ಪ ತೆಗಿ. ನಾನು ಹೂ ಕೊಯ್ದು ತರ್ತೇನೆ."

ಕಟ್ಟಿದೆಯೇ! ಕಟ್ಟಿಕೊಂಡದ್ದಕ್ಕೆ ಮದ್ದು ಗೊತ್ತಿದೆಯಲ್ಲ! ಉರಿಯುವುದನ್ನು ಬಿಚ್ಚಲಾಗದು ಅಂತ ಊದುವುದನ್ನೇ ಮೊದಲು ಮಾಡಿದ. ಉಫ್! ಆಮೇಲೆ ಹಿತ್ತಲಿಗೆ ಒಯ್ದು, ತಿರುಪು ಬಿಚ್ಚಿ, ಪೆಟ್ರೋಲಿನಲ್ಲಿ ಅದ್ದಿದ.

ಮಾಸ್ತಮ್ಮ ಹೂ ಹಿಡಿದು ಬಂದರೆ ದೇವರ ಮೂಲೆ ಕತ್ತಲೆ, ಹಿತ್ತಲೆಲ್ಲ ಪೆಟ್ರೋಲು ವಾಸನೆ.

"ಅಬ್ಬೇ, ದೀಪ ಆರಿಹೋಯ್ತು!"

"ಬಿಡ್ತು ಅನ್ನು! ಬಿಡ್ತು ಅನ್ನು!"

"ಬಿಡ್ತು!"

"ತುಂಬಿದ ಬಸುರಿ ಮನೆಗೆ ಬರೋ ಹೊತ್ತಿನಲ್ಲಿ ಎಂಥ ಮಾತೋ! ಆರಿತು, ಮುಗೀತು, ಖಾಲಿ ಅಂತ ಬಾಯಲ್ಲಿ ಬರಬಾರದು. ದೀಪ ದೊಡ್ಡದಾಯ್ತು ಅನ್ನಬೇಕು. ಅಕ್ಕಿ ಮುಗಿದರೂ ಅಕ್ಕಿ ಹೆಚ್ಚಿದೆ ಅನ್ನಬೇಕು. ತಿಳೀತಾ?"

"ತಿಳೀತು! ಮುಗಿದರೆ ಹೆಚ್ಚಿದೆ ಅನ್ನೋದು."

ಮಾಸ್ತಮ್ಮ ದೀಪಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಮತ್ತೆ ಬೆಳಗಿಸಿ, ಅಡ್ಡಬಿದ್ದಳು. "ತಾಯೀ ಗಂಗಮ್ಮ, ಅವನ ತಪ್ಪನ್ನು ನನ್ನ ಲೆಕ್ಕಕ್ಕೆ ಬರಕೋ."

ಗುರುವಾರವಿಡೀ ಜಟ್ಟಪ್ಪ ಕಾರ್ಬೇಟರು ತೊಳೆದ. ಒಂದು ಸಲ ತೊಳೆದ, ಪೆಟ್ರೋಲು ಚೆಲ್ಲಿದ. ಇನ್ನೊಂದು ಸಲ ತೊಳೆದ, ಮತ್ತೆ ಚೆಲ್ಲಿದ. ಡಬ್ಬಿಯ ತಳ ಕಾಣುವವರೆಗೂ ತೊಳೆದ, ಕೆನ್ನೆ ನೋಯುವವರೆಗೂ ಊದಿದ. ಸಂಜೆ ಇನಾಸಣ್ಣ ಅದನ್ನು ಕೂರಿಸಿ ಹಗ್ಗ ಎಳೆದರೆ ಒಂದೇ ಎಳೆತಕ್ಕೆ ಗುರ್ರ್!

"ಇಷ್ಟು ಚೊಕ್ಕ ನಾನೂ ತೊಳೆದವನಲ್ಲ ಮಾಸ್ತಕ್ಕ!" ಅಂದ. ಮಾಸ್ತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶುಕ್ರವಾರ ಬೆಳಿಗ್ಗೆ ದೋಣಿ ಹತ್ತುವಾಗ ಕೇಳಿದಳು: "ಪೆಟ್ರೋಲು ಹೇಗಿದೆಯೋ ತಮ್ಮಾ?"

"ಹೆಚ್ಚಿದೆ ಅಬ್ಬೇ!"

"ದೇವರು ದೊಡ್ಡವನು" ಅಂದಳು ಮಾಸ್ತಮ್ಮ. ಸರಿ, ಹೋದರು. ಗುಲಾಬಿಗೆ ಉಡಿ ತುಂಬಿಸಿಕೊಂಡು, ಹಸಿರು ಬಳೆ ತೊಡಿಸಿಕೊಂಡು, ದೋಣಿಯ ನಡುವೆ ಚಾಪೆ ಹಾಸಿ ಕೂರಿಸಿಕೊಂಡು ಹೊರಟರು. ನಡುಹೊಳೆಗೆ ಬಂದರು. ಇಂಜಿನ್ನು ಗುಡುಗುಡು ಅಂದಿತು, ಗುಡು ಅಂದಿತು, ಸುಮ್ಮನಾಯಿತು.

"ಮತ್ತೆ ಗಂಟಲು ಕಟ್ಟಿತೇನೋ?"

"ಇಲ್ಲ ಅಬ್ಬೇ, ಪೆಟ್ರೋಲು ಹೆಚ್ಚಿದೆ."

"ಹೆಚ್ಚಿದ್ದರೆ ಯಾಕೋ ನಿಂತಿತು?"

"ಹೆಚ್ಚಿದ್ದಕ್ಕೇ ನಿಂತದ್ದು! ಬೆಳಿಗ್ಗೆ ಡಬ್ಬಿಯಲ್ಲಿ ಹೆಚ್ಚಿತ್ತು, ಈಗ ಟಾಂಕಿಯಲ್ಲೂ ಹೆಚ್ಚಿದೆ!"

ಗುಲಾಬಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಇಳಿತದ ನೀರು, ಸೆಳೆತ ಬಲವಾಗಿತ್ತು. ದೋಣಿ ಅಳಿವೆಯ ಕಡೆಗೆ ಜಾರತೊಡಗಿತು. ಅಳಿವೆ ದಾಟಿದರೆ ಕಡಲು, ಅಲ್ಲಿ ಆಳೆತ್ತರದ ತೆರೆ. ಮಾಸ್ತಮ್ಮ ಇದ್ದೊಂದು ಹುಟ್ಟು ಹಾಕಿದಳು, ದೋಣಿ ಕೇಳಲಿಲ್ಲ. ಹೊಳೆಯಲ್ಲೇ ಹುಟ್ಟಿ ಬೆಳೆದವಳಿಗೂ ಆ ಗಳಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು.

"ಇನ್ನು ನಮ್ಮ ಕೈಯಲ್ಲಿ ಏನಿಲ್ಲ ಮಗಾ. ಗಂಗಮ್ಮನ ಮೇಲೆ ಭಾರ ಹಾಕು!"

ಭಾರವೇ! ಜಟ್ಟಪ್ಪ ಹಿಂದೆ ಮುಂದೆ ನೋಡಿದ. ದೋಣಿಯಲ್ಲಿ ಎಲ್ಲಕ್ಕಿಂತ ಭಾರವಾದದ್ದು ಲಂಗರು. ಎರಡೂ ಕೈಯಲ್ಲಿ ಎತ್ತಿ, "ತಾಯೀ, ತಗೋ!" ಅಂತ ಹೊಳೆಗೆ ಹಾಕಿದ. ಧುಡುಂ! ಹಗ್ಗ ಸರಸರ ಇಳಿಯಿತು, ಬಿಗಿಯಿತು. ದೋಣಿ ಒಮ್ಮೆ ಜಗ್ಗಿ, ಮೂತಿ ತಿರುಗಿಸಿ, ತೊಟ್ಟಿಲಿನ ಹಾಗೆ ತೂಗುತ್ತ ನಿಂತಿತು.

ಜಟ್ಟಪ್ಪ ಬಗ್ಗಿ ನೀರಿಗೆ ಕೇಳಿದ: "ನೋವಾಯ್ತಾ ತಾಯೀ?"

ಮಾಸ್ತಮ್ಮ ಕಣ್ಣು ಬಿಟ್ಟಳು. ಬಿಗಿದ ಹಗ್ಗ ನೋಡಿದಳು, ನಿಂತ ದೋಣಿ ನೋಡಿದಳು. ಎರಡೂ ಕೈ ತಾವಾಗಿ ಕೂಡಿಕೊಂಡವು.

ದಡದಿಂದ ಕಂಡ ಇನಾಸಣ್ಣ ಪೆಟ್ರೋಲು ತುಂಬಿದ ಕ್ಯಾನು ಹಿಡಿದು ತನ್ನ ದೋಣಿಯಲ್ಲಿ ಬಂದ. ಟಾಂಕಿಗೆ ಹೊಯ್ದ, ಹಗ್ಗ ಎಳೆದ. ಗುರ್ರ್! "ನಡಿ ಜಟ್ಟಪ್ಪ, ಲಂಗರು ಎತ್ತು!"

ಜಟ್ಟಪ್ಪ ಎತ್ತಲಿಲ್ಲ. ಸೊಂಟದ ಕತ್ತಿ ತೆಗೆದು ಲಂಗರಿನ ಹಗ್ಗವನ್ನು ಕಚಕ್ಕನೆ ಕೊಯ್ದುಬಿಟ್ಟ.

"ಅಯ್ಯಯ್ಯೋ! ಏನು ಮಾಡಿದೆಯೋ ಮಳ್ಳಾ!"

"ಮತ್ತೇನು ಇನಾಸಣ್ಣ? ದೇವರ ಮೇಲೆ ಹಾಕಿದ ಭಾರವನ್ನು ಯಾರಾದರೂ ವಾಪಸು ತಗೊಳ್ತಾರಾ?"