ಉಬ್ಬಿದ ಪೊಟ್ಟಣ

"ಗುರುಗಳೇ, ಕೋಪವನ್ನು ಎಷ್ಟು ಬಿಗಿಯಾಗಿ ಕಟ್ಟಿಡಬೇಕು?" ಎಂದು ಶಿಷ್ಯ ಚನ್ನವೀರ ಕೇಳಿದ. ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. "ಬಾಲ್ಯದ ಗೆಳೆಯ ಎಲ್ಲರೆದುರು ನನ್ನನ್ನು ಆಡಿಕೊಂಡ. ಗೆಳೆತನ ಉಳಿಯಲಿ ಎಂದು ಬಾಯಿ ಹೊಲಿದುಕೊಂಡಿದ್ದೇನೆ. ಆದರೂ ಅವನ ದನಿ ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಇನ್ನು ತಡೆಯಲಾರೆ."

"ಮೊದಲು ಕೂತುಕೋ ಮಾರಾಯ, ನಿನ್ನನ್ನು ನೋಡಿ ನನಗೇ ತಲೆ ಸುತ್ತುತ್ತಿದೆ," ಎಂದು ಗುರುಗಳು ಕತೆ ಶುರುಮಾಡಿದರು.

ಒಬ್ಬ ವ್ಯಾಪಾರಿ ದೋಸೆಹಿಟ್ಟನ್ನು ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ತುಂಬಿ ಅಂಗಡಿಗಳಿಗೆ ಕೊಡುತ್ತಿದ್ದ. ಅವನ ಮನೆ ನಡೆಯುತ್ತಿದ್ದುದೇ ಅದರಿಂದ. ಹಿಟ್ಟು ಸುಮ್ಮನಿರುವ ಪದಾರ್ಥವೇ? ಹುಳಿ ಬರುತ್ತಾ ಬರುತ್ತಾ ಒಳಗೆ ಗಾಳಿ ಹುಟ್ಟಿ ಪೊಟ್ಟಣ ದಿಂಬಿನಂತೆ ಉಬ್ಬುತ್ತಿತ್ತು. ಉಬ್ಬಿದ್ದನ್ನು ಕಂಡ ಗಿರಾಕಿಗಳು ಕೆಟ್ಟಿದೆ ಎಂದು ಮುಟ್ಟುತ್ತಿರಲಿಲ್ಲ. "ಇನ್ನೊಂದು ಸಲ ಹೀಗಾದರೆ ಈ ಕಡೆ ತಲೆ ಹಾಕಬೇಡ," ಎಂದರು ಅಂಗಡಿಯವರು.

ವ್ಯಾಪಾರಿಗೆ ಅನ್ನ ಸೇರದಾಯಿತು. ಬುದ್ಧಿವಂತ ನೋಡು, ದಪ್ಪ ಪ್ಲಾಸ್ಟಿಕ್ ತಂದು ಬಾಯನ್ನು ಎರಡೆರಡು ಬಾರಿ ಬೆಸೆದ. ತೆಳುವಾದದ್ದು ಬರೀ ಉಬ್ಬುತ್ತಿತ್ತು, ಇದು ಒಡೆದೇಹೋಯಿತು. ಅಂಗಡಿಯ ಕಪಾಟೆಲ್ಲ ಹಿಟ್ಟು. ಸಿಟ್ಟಿಗೆದ್ದು ದಬ್ಬಳ ತೆಗೆದುಕೊಂಡು ಪೊಟ್ಟಣಗಳಿಗೆ ತೂತು ಹೊಡೆದ. ಗಾಳಿಯೇನೋ ಹೋಯಿತು, ಅದರ ಹಿಂದೆಯೇ ಹಿಟ್ಟೂ ಸೋರಿತು. ಈ ಹುಳಿಯ ಸಹವಾಸವೇ ಬೇಡವೆಂದು, ಕೊನೆಗೆ ರುಬ್ಬಿದ ತಕ್ಷಣ ಹಿಟ್ಟನ್ನು ಐಸಿನಂತೆ ಗಟ್ಟಿಮಾಡಿ ಕಳಿಸಿದ. ದೋಸೆ ತೊಗಲಿನಂತಾಯಿತು. ಇದ್ದ ಗಿರಾಕಿಗಳೂ ಬಿಟ್ಟುಹೋದರು.

ಅವನ ಹೆಂಡತಿ ಕೇಳಿದಳು, "ಅಲ್ಲ ಕಣ್ರೀ, ನಿಮ್ಮ ಜಗಳ ಗಾಳಿಯ ಜೊತೆಗೋ, ಹಿಟ್ಟಿನ ಜೊತೆಗೋ?"

ಆ ಮಾತು ಕೇಳಿ ಅವನು ಎದ್ದವನೇ ಪ್ಲಾಸ್ಟಿಕ್ ತಯಾರಿಸುವವನ ಬಳಿಗೆ ಓಡಿದ. "ನೀರು ದಾಟಬಾರದು, ಗಾಳಿ ದಾಟಬೇಕು. ಅಂಥ ಹಾಳೆ ಇದೆಯೇ?" ಎಂದು ಕೇಳಿದ. ಇತ್ತು. ಇವನೇ ಇಷ್ಟು ದಿನ ಕೇಳಿರಲಿಲ್ಲ. ಹೊಸ ಪೊಟ್ಟಣದಲ್ಲಿ ಹಿಟ್ಟು ತನ್ನ ಪಾಡಿಗೆ ಹುಳಿ ಬಂತು, ಗಾಳಿ ಮೆಲ್ಲಗೆ ಹೊರಬಿತ್ತು. ಅಂಗಡಿಯವರು ಗೊಣಗುತ್ತಲೇ ಮತ್ತೆ ತೆಗೆದುಕೊಂಡರು.

ಕತೆ ಮುಗಿಯುವಷ್ಟರಲ್ಲಿ ಚನ್ನವೀರ ಬಾಗಿಲಿನಲ್ಲಿದ್ದ. "ತಿಳಿಯಿತು ಗುರುಗಳೇ. ಕಟ್ಟಿಟ್ಟದ್ದೇ ತಪ್ಪು. ಈಗಲೇ ಹೋಗಿ ಅವನ ಜನ್ಮ ಜಾಲಾಡಿ ಬರುತ್ತೇನೆ."

ಗುರುಗಳು ಅವನ ಕಡೆ ತಿರುಗಿಯೂ ನೋಡದೆ ಹೇಳಿದರು, "ಗಾಳಿ ಹೋಗಲಿ ಎಂದೆ, ಹಿಟ್ಟು ಚೆಲ್ಲು ಎನ್ನಲಿಲ್ಲ."