ಶಕುನದ ಕೋಳಿ

ರೋಮಿನ ಸಭೆಯ ಪಂಜರಕ್ಕೆ ರೂಫಾ ಎಂಬ ಕೆಂಪು ಹೇಂಟೆ ಹೊಸದಾಗಿ ನೇಮಕವಾಗಿ ಬಂದಳು. ತಾನು ಕಾಳು ಹೆಕ್ಕಿದರೆ ಶುಭಶಕುನ, ಹೆಕ್ಕದಿದ್ದರೆ ಸಭೆಯೇ ಬರಖಾಸ್ತು ಎಂದು ಕೇಳಿದ್ದೇ ತಡ, ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಅಜ್ಜೀ, ಇಡೀ ರೋಮ್ ನನ್ನ ಕೊಕ್ಕಿನ ತುದೀಲಿದೆ!" ಎಂದು ಪಕ್ಕದ ಮುದಿ ಹೇಂಟೆಯ ಮುಂದೆ ಕುಣಿದಳು. "ಇವತ್ತು ಚಕ್ರವರ್ತಿ ವರ್ಷದ ಒಂದು ತಿಂಗಳಿಗೆ ತನ್ನ ಹೆಸರನ್ನೇ ಇಡ್ತಾನಂತೆ. ನಾನು ಮೊಟ್ಟೆಯೊಡೆದು ಬಂದ ತಿಂಗಳು ಅದು, ಬಿಡ್ತೀನಾ? ಒಂದು ಕಾಳೂ ಮುಟ್ಟಲ್ಲ."

"ಹಸಿವಾಗುತ್ತೆ ಕಣೇ, ತಿನ್ನು," ಎಂದಳು ಅಜ್ಜಿ.

ಕೋಳಿ ಕಾಯುವವನು ಕಾಳು ಚೆಲ್ಲಿದ. ರೂಫಾ ಕೊಕ್ಕು ಬಿಗಿಹಿಡಿದು, ಕಣ್ಣು ಮುಚ್ಚಿ, ಒಂಟಿ ಕಾಲಲ್ಲಿ ನಿಂತಳು. ಹೊಟ್ಟೆ ಚುರುಗುಟ್ಟಿದರೂ ಜಗ್ಗಲಿಲ್ಲ. ಅವನು ಸಭೆಯತ್ತ ತಿರುಗಿ, "ಮಹಾಸ್ವಾಮಿ, ಗಬಗಬನೆ ತಿಂದಿತು! ಶುಭ!" ಎಂದು ಕೂಗಿದ.

"ಸುಳ್ಳು! ನಾನು ಮುಟ್ಟೇ ಇಲ್ಲ!" ರೂಫಾ ರೆಕ್ಕೆ ಬಡಿದು ಅರಚಿದಳು.

"ಆಹಾ, ಜಯಕಾರವನ್ನೂ ಹಾಕುತ್ತಿದೆ!" ಎಂದು ಸಭೆ ಚಪ್ಪಾಳೆ ತಟ್ಟಿತು. ತಿಂಗಳಿಗೆ ಚಕ್ರವರ್ತಿಯ ಹೆಸರು ಬಿತ್ತು.

ರೂಫಾ ತಬ್ಬಿಬ್ಬಾದಳು. "ಮತ್ತೆ ನಮ್ಮನ್ನು ಇಲ್ಲಿ ಯಾಕೆ ಸಾಕಿದ್ದಾರೆ, ಅಜ್ಜೀ?"

"ಕೋಳಿಗಳನ್ನು ಕೇಳಿಯೇ ಮಾಡಿದೆವು ಅಂತ ಹೇಳಿಕೊಳ್ಳೋಕೆ," ಎಂದು ಅಜ್ಜಿ ಅವಳ ಪಾಲಿನ ಕಾಳನ್ನೂ ಹೆಕ್ಕತೊಡಗಿದಳು.